ಎರಡನೆಯ ಚೀಟಿ

ಭಾನುವಾರ ಸಂಜೆ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪ ಪೇಟೆಯಿಂದ ಬಂದು ಕೈಕಾಲು ತೊಳೆದು ಕೂತಾಗ, ಅಡುಗೆಮನೆಯಲ್ಲಿ ಸುವರ್ಣಮ್ಮ ರೊಟ್ಟಿ ತಟ್ಟುತ್ತಿದ್ದರು. ಹಿರಿಯ ಮಗಳು ಹೇಮಲತಾ ತಾನು ಪಾಠ ಹೇಳುವ ಶಾಲೆಯ ಮಕ್ಕಳ ಕಾಪಿ ತಿದ್ದುತ್ತಿದ್ದಳು. ಕಿರಿಯವಳು ಅಕ್ಷತಾ ಎರಡು ಅರ್ಜಿಗಳನ್ನು ಅಪ್ಪನ ಮುಂದಿಟ್ಟು ಎದುರಿಗೇ ಕೂತಳು.

ಒಂದು ಅರಸೀಕೆರೆಯದೇ ಹೆಣ್ಣುಮಕ್ಕಳ ಕಾಲೇಜಿನದು. ಮನೆಯಿಂದ ನಡೆದರೆ ಹತ್ತು ನಿಮಿಷ. ಇನ್ನೊಂದು ಬೇಲೂರಿನದು. ಹಾಸ್ಟೆಲಿನಲ್ಲಿರಬೇಕು, ಹುಡುಗರೂ ಓದುತ್ತಾರೆ. ಆದರೆ ಅಕ್ಷತಾಳಿಗೆ ಬೇಕಾದ ಪುರಾತತ್ವ ಇದ್ದದ್ದು ಅಲ್ಲಿ ಮಾತ್ರ.

"ಶುಕ್ರವಾರ ಲಾಸ್ಟ್ ಡೇಟ್ ಅಪ್ಪಾ."

"ಬೇಲೂರೇನು ಪಕ್ಕದ ಬೀದೀಲೈತಾ?" ಸುವರ್ಣಮ್ಮ ಒಳಗಿನಿಂದಲೇ ಕೂಗಿದರು. "ನಿಮ್ಮಕ್ಕ ಇಲ್ಲೇ ಓದ್ಲಿಲ್ವಾ? ಅವಳಿಗೇನು ಕಮ್ಮಿಯಾಗೈತೆ?"

"ಅಕ್ಕ ಓದಿದ್ದು ಕಾಮರ್ಸ್ ಕಣಮ್ಮ. ನನ್ನ ಸಬ್ಜೆಕ್ಟೇ ಇಲ್ಲಿಲ್ಲ."

"ಸಬ್ಜೆಕ್ಟಂತೆ! ಮುರಿದ ಕಲ್ಲು ಎಣಿಸೋಕೆ ಹಾಸ್ಟೆಲ್ ಬೇರೆ ಕೇಡು."

ಷಡಕ್ಷರಪ್ಪನಿಗೆ ನಗು ಬಂತು. "ಹೇಮಾ, ನಿನ್ನೆ ಇವಳ ಜೊತೆ ಬೇಲೂರಿಗೆ ನೀನೂ ಹೋಗಿದ್ದೆಯಲ್ಲ. ಹೆಂಗೈತೆ ಕಾಲೇಜು?"

"ಪರವಾಗಿಲ್ಲ," ಎಂದಳು ಹೇಮಲತಾ, ಕಾಪಿಯಿಂದ ತಲೆಯೆತ್ತದೆ.

ಪರವಾಗಿಲ್ಲ ಎನ್ನುವಂಥದ್ದಾಗಿರಲಿಲ್ಲ ಅದು. ಆ ದಿನ ಬೇಲೂರು ಕಾಲೇಜಿನ ಕ್ಲಾಸು ಹಳೇಬೀಡಿನಲ್ಲಿ ನಡೆಯುತ್ತಿತ್ತು. ಗುಡಿಯ ಹಿಂಬದಿಯ ಹುಲ್ಲಿನಲ್ಲಿ ಹುಡುಗ ಹುಡುಗಿಯರು ಅಳತೆ ಟೇಪು ಹಿಡಿದು, ಬಿದ್ದ ಕಂಬವೊಂದನ್ನು ಸುತ್ತುವರಿದಿದ್ದರು. ಒಬ್ಬ ಹುಡುಗಿ ಮೇಷ್ಟ್ರಿಗೆ, "ನೀವು ಹೇಳಿದ್ದು ತಪ್ಪಿರಬೇಕು ಸಾರ್," ಎಂದಳು. ಮೇಷ್ಟ್ರು ಸಿಟ್ಟಾಗಲಿಲ್ಲ. "ಹಂಗಾದ್ರೆ ಅಳೆದು ತೋರ್ಸಮ್ಮ," ಎಂದು ಟೇಪನ್ನು ಅವಳತ್ತ ಚಾಚಿದರು.

ತನ್ನ ಕಾಲೇಜಿನ ಮೂರು ವರ್ಷದಲ್ಲಿ ಹೇಮಲತಾ ಕ್ಲಾಸಿನಲ್ಲಿ ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಹತ್ತಕ್ಕೆ ಮುಚ್ಚಿ ನಾಲ್ಕಕ್ಕೆ ತೆರೆಯುವ ಗೇಟು, ಆಫೀಸಿನಲ್ಲಿ ಒಪ್ಪಿಸಬೇಕಾದ ಫೋನು, ವರಾಂಡದಲ್ಲಿ ನಿಲ್ಲಬಾರದೆಂಬ ನಿಯಮ. ಕಾಲೇಜೆಂದರೆ ಎಲ್ಲ ಕಡೆಯೂ ಇಷ್ಟೇ ಎಂದುಕೊಂಡಿದ್ದಳು. ಹಾಗಲ್ಲ ಎಂದು ಇಪ್ಪತ್ತೈದನೆಯ ವಯಸ್ಸಿನಲ್ಲಿ ತಿಳಿಯಿತು, ಅದೂ ತಂಗಿಯ ಪಕ್ಕದಲ್ಲಿ ನಿಂತು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಷತಾ ಅವಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ನಿದ್ದೆಯಲ್ಲೂ ಮುಖದಲ್ಲಿ ಖುಷಿಯಿತ್ತು. ಹೇಮಲತಾ ಮೆಲ್ಲನೆ ಹೆಗಲು ಸರಿಸಿಕೊಂಡಿದ್ದಳು.

ಹಿಂದೆ ಹೇಮಲತಾಳ ಕಾಲೇಜಿನ ವಿಷಯ ತೀರ್ಮಾನವಾದದ್ದು ಅವಳು ಬಟ್ಟೆ ಮಡಿಸುತ್ತಿದ್ದಾಗ. "ಇಲ್ಲೇ ಸೇರ್ಸಿ ಬಂದವ್ರೆ ನಿಮ್ಮಪ್ಪ," ಎಂದಿದ್ದರು ಅಮ್ಮ. ಅವಳು ಮಡಿಸುವುದನ್ನು ಮುಂದುವರಿಸಿದ್ದಳು.

"ನಾಳೆ ಸೋಮವಾರ," ಎಂದರು ಷಡಕ್ಷರಪ್ಪ. "ಪೂಜೆ ಆದ್ಮೇಲೆ ಚೀಟಿ ಹಾಕೋಣ. ಶಿವ ಹೇಳಿದಂಗಾಗ್ಲಿ."

ಆ ಮನೆಯಲ್ಲಿ ಅದೇ ರೂಢಿ. ಸೈಟು ಕೊಳ್ಳುವುದಿರಲಿ, ಅಂಗಡಿಗೆ ಹೆಸರಿಡುವುದಿರಲಿ, ಮನಸ್ಸು ಎರಡಾದರೆ ದೇವರ ಮುಂದೆ ಎರಡು ಚೀಟಿ. ಎತ್ತಿದ್ದನ್ನು ಓದಬೇಕು. ಉಳಿದದ್ದನ್ನು ಬಿಚ್ಚದೆ ಹಿತ್ತಲಿನ ತೆಂಗಿನ ಬುಡದಲ್ಲಿ ಹೂಳಬೇಕು. ಬಿಚ್ಚಿದರೆ ಆಸೆ ಉಳಿಯುತ್ತದೆ ಎಂದು ತಾತ ಹೇಳುತ್ತಿದ್ದರಂತೆ. ಚೀಟಿ ಬರೆಯುವ ಕೆಲಸ ಯಾವಾಗಲೂ ದುಂಡು ಅಕ್ಷರದ ಹೇಮಲತಾಳದು.

ಬೆಳಿಗ್ಗೆ ಒಬ್ಬಳೇ ಕೂತು ಮೊದಲ ಚೀಟಿಯಲ್ಲಿ 'ಅರಸೀಕೆರೆ' ಎಂದು ಬರೆದಳು. ಎರಡನೆಯದನ್ನು ಎಳೆದುಕೊಂಡಳು. 'ಅಳೆದು ತೋರ್ಸಮ್ಮ' ಎಂಬ ಮಾತು ಕಿವಿಯಲ್ಲಿತ್ತು. ಅದರಲ್ಲೂ 'ಅರಸೀಕೆರೆ' ಎಂದೇ ಬರೆದು ನಾಲ್ಕಾಗಿ ಮಡಿಸಿದಳು.

ಪೂಜೆ ಮುಗಿದ ಮೇಲೆ ಅಕ್ಷತಾ ಕಣ್ಣು ಮುಚ್ಚಿ ಒಂದನ್ನು ಎತ್ತಿದಳು. ಬಿಚ್ಚಿ ಓದಿದಳು.

"ಅರಸೀಕೆರೆ," ಎಂದಳು.

"ನಾನೇಳ್ಲಿಲ್ವಾ?" ಸುವರ್ಣಮ್ಮ ಕೈಮುಗಿದರು.

ಉಳಿದ ಚೀಟಿಯನ್ನು ಹಿಡಿದು ಅಕ್ಷತಾ ಹಿತ್ತಲಿಗೆ ಹೋದಳು. ಅಡುಗೆಮನೆಯ ಕಿಟಕಿಯಿಂದ ಹೇಮಲತಾ ನೋಡುತ್ತಿದ್ದಳು. ಮಣ್ಣು ಕೆದಕಿದ ತಂಗಿ ಸುಮ್ಮನೆ ಕೂತಳು. ಆಮೇಲೆ ಚೀಟಿ ಬಿಚ್ಚಿದಳು. ಎಷ್ಟೋ ಹೊತ್ತು ಅದನ್ನೇ ನೋಡಿ, ಇದ್ದ ಹಾಗೇ ಮಡಿಸಿ, ಹೂತು, ಕೈ ತೊಳೆದುಕೊಂಡು ಒಳಗೆ ಬಂದಳು. ಯಾರಿಗೂ ಏನೂ ಹೇಳಲಿಲ್ಲ.

ಈಗ ಹೇಳುತ್ತಾಳೆ, ಆಗ ಹೇಳುತ್ತಾಳೆ ಎಂದು ಹೇಮಲತಾ ಇಡೀ ದಿನ ಕಾದಳು. ಬೈದಿದ್ದರೆ ಎದುರಾಡಬಹುದಿತ್ತು. ಸಂಜೆ ಅವಳೇ ಸೋತು ಕೇಳಿದಳು. "ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

ಅಕ್ಷತಾ ತಲೆ ಬಾಚುತ್ತಿದ್ದಳು. "ನೀನು ಬರೆದಿದ್ದು. ನಾನ್ಯಾಕೆ ಹೇಳ್ಲಿ?"

"ಅಕ್ಷೂ..."

"ಮೂರು ವರ್ಷ ಒಂದೇ ರೂಮಲ್ಲಿ ಇರ್ಬೇಕಲ್ಲ ಅಕ್ಕ, ಈಗ್ಲೇ ಎಲ್ಲಾ ಮಾತಾಡಿ ಮುಗಿಸ್ಬೇಡ."

ಮಂಗಳವಾರ ಕೊಬ್ಬರಿ ಹರಾಜಿನ ದಿನ. ಷಡಕ್ಷರಪ್ಪ ವಿಭೂತಿ ಹಚ್ಚಿಕೊಂಡು, ಚಪ್ಪಲಿ ಮೆಟ್ಟಿ ಹೊರಡುವುದರಲ್ಲಿದ್ದರು.

"ಅಪ್ಪಾ, ಎರಡು ಚೀಟೀಲೂ ನಾನು ಅರಸೀಕೆರೆ ಅಂತಾನೇ ಬರೆದಿದ್ದೆ," ಎಂದಳು ಹೇಮಲತಾ.

"ಶಿವಶಿವಾ! ದೇವರ ಮುಂದೆ..." ಸುವರ್ಣಮ್ಮನ ಮಾತು ಅರ್ಧಕ್ಕೇ ನಿಂತಿತು.

ಷಡಕ್ಷರಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. "ಯಾಕಮ್ಮಾ?"

"ಹೊಟ್ಟೆಕಿಚ್ಚು ಅಪ್ಪಾ."

ಬಾಗಿಲ ಬಳಿ ನಿಂತಿದ್ದ ಅಕ್ಷತಾ ತಲೆ ತಗ್ಗಿಸಿದಳು. ಷಡಕ್ಷರಪ್ಪ, "ಹೊಸದಾಗಿ ಬರೀ ಹಂಗಾದ್ರೆ. ಇನ್ನೊಂದ್ಸಲ ಹಾಕೋಣ," ಎಂದರು.

"ಬೇಡ. ಚೀಟೀನ ಯಾಕೆ ಕೇಳ್ತೀರಿ? ಅವಳು ಇಲ್ಲೇ ನಿಂತವ್ಳಲ್ಲ."

ಅವರು ಕಿರಿಯ ಮಗಳತ್ತ ತಿರುಗಿದರು. ಕೇಳುವುದು ರೂಢಿಯಿಲ್ಲದವರಂತೆ ಒಮ್ಮೆ ಗಂಟಲು ಸರಿಮಾಡಿಕೊಂಡರು. "ಯಾವುದು ಬೇಕಮ್ಮಾ ನಿಂಗೆ?"

"ಬೇಲೂರು."

ಹೇಮಲತಾಳ ಒಳಗೆ ಅದೇ ಉರಿ ಮತ್ತೆ ಎದ್ದಿತು. ತಪ್ಪೊಪ್ಪಿಕೊಂಡ ಮಾತ್ರಕ್ಕೆ ಅದು ಆರಿರಲಿಲ್ಲ. ಆದರೂ ಅವಳೇ ಹೋಗಿ ಬೇಲೂರಿನ ಅರ್ಜಿಯನ್ನೂ ಪೆನ್ನನ್ನೂ ತಂದು ಅಪ್ಪನ ಕೈಗೆ ಕೊಟ್ಟಳು.

ಷಡಕ್ಷರಪ್ಪ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತ, "ನಿಂಗೆ ಆವಾಗ ಯಾವೂರು ಬೇಕಿತ್ತು ಹೇಮಾ?" ಎಂದರು.

"ಮೈಸೂರು."

"ಒಂದ್ಸಲನಾದ್ರೂ ಬಾಯಿ ಬಿಟ್ಯೇನೇ ನೀನು?" ಸುವರ್ಣಮ್ಮನ ದನಿ ಕುಗ್ಗಿತ್ತು.

"ನೀವು ಕೇಳ್ಲಿಲ್ವಲ್ಲಮ್ಮ."

ಹರಾಜಿಗೆ ಹೊತ್ತಾಗಿತ್ತು. ಫೋನು ಎರಡು ಬಾರಿ ಬಡಿದುಕೊಂಡು ಸುಮ್ಮನಾಯಿತು. ಷಡಕ್ಷರಪ್ಪ ಅದನ್ನು ಮಗುಚಿಟ್ಟು, ಹಿರಿಯ ಮಗಳ ಎದುರಿಗೆ ನೆಲದ ಮೇಲೆ ಕೂತರು.

"ಹೇಳು," ಎಂದರು. "ಮೈಸೂರಲ್ಲಿ ಏನು ಓದ್ಬೇಕು ಅಂತಿದ್ದೆ?"