ಚೀಟಿಯಿಲ್ಲದ ಸೀಸೆ

ಗಾಂಜಾವನ್ನು ಕಾನೂನು ಒಪ್ಪಬೇಕೋ ಬೇಡವೋ ಎಂದು ಊರೆಲ್ಲ ಕಚ್ಚಾಡುತ್ತಿದ್ದ ದಿನಗಳಲ್ಲಿ, ಆ ಲಾಂಡ್ರಿಯ ಒಂದೇ ಮೇಜಿನ ಎರಡು ಬದಿಯಲ್ಲಿ ಎರಡು ಉತ್ತರಗಳು ನಿಂತು ಇಸ್ತ್ರಿ ಮಾಡುತ್ತಿದ್ದವು. ಈ ಬದಿಗೆ ಅಕ್ಕ. ಆ ಬದಿಗೆ ಅವಳ ವಾರಗಿತ್ತಿ, ಚಿಕ್ಕವಳು. ಅಕ್ಕನ ಗಂಡ ತೀರಿಕೊಂಡಿದ್ದ. ಚಿಕ್ಕವಳ ಗಂಡ ಹಡಗಿನಲ್ಲಿ ಅಡುಗೆಯವನು, ಮನೆಗೆ ಬಂದರೆ ನೆಂಟನ ಹಾಗೆ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲೇ ಎಲ್ಲರ ಸಂಸಾರ.

ಅಕ್ಕನ ಮಗನನ್ನು ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ಕಾಲೇಜಿನಲ್ಲಿ ಸೇದಲು ಕಲಿತವನು, ಬಿಡಲಾಗದೆ ಕೊನೆಗೆ ಗೋಡೆಗಳ ಜೊತೆ ಜಗಳಕ್ಕೆ ನಿಂತಿದ್ದ. ಸೇದಿದವರೆಲ್ಲ ಹಾಗಾಗುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಇವನು ಆದ. ಆಸ್ಪತ್ರೆಯಿಂದ ಬಂದ ಮೇಲೆ ಮಾತ್ರೆ ನುಂಗುತ್ತ, ಕಾಲರುಗಳಿಗೆ ಇಸ್ತ್ರಿ ಹಾಕುತ್ತ, ಈಚೆಗೆ ನಗುವುದನ್ನೂ ಶುರುಮಾಡಿದ್ದ. ಇನ್ನೊಮ್ಮೆ ಮುಟ್ಟಿದರೆ ಅವನನ್ನು ಹಿಂದಕ್ಕೆ ತರುವುದು ಕಷ್ಟ ಎಂದು ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿ ಕಳಿಸಿದ್ದರು.

ಚಿಕ್ಕವಳ ಮಗಳು ಗುಬ್ಬಿಗೆ ಹುಟ್ಟಿದಾಗಿನಿಂದ ಫಿಟ್ಸು. ಔಷಧಿಗಳೆಲ್ಲ ಸೋತ ಮೇಲೆ ಯಾರೋ ಗುಟ್ಟಾಗಿ ಅದೇ ಗಿಡದ ಎಣ್ಣೆ ತಂದುಕೊಟ್ಟರು, ಅಮಲು ಬರಿಸದ ಜಾತಿಯದ್ದು. ನಾಲಿಗೆಯಡಿ ಎರಡು ಹನಿ. ಮಗು ಬೀಳುವುದು ನಿಂತಿತು. ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿತು. ಆ ದಿನ ಅಕ್ಕನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು. ಆದರೂ ಆ ಕಾನೂನಿನ ಬಗ್ಗೆ ಸಹಿ ಕೇಳಿಕೊಂಡು ಬಂದವರಿಗೆ ಚಿಕ್ಕವಳು ಬೇಕು ಎಂದು ಹಾಕಿದಳು, ಅಕ್ಕ ಬೇಡ ಎಂದು ಹಾಕಿದಳು.

"ಅಂಗಡೀಲಿ ಸಿಗೋ ಹಾಗಾದ್ರೆ ಸೀಸೆ ಮೇಲೆ ಏನಿದೆ, ಎಷ್ಟಿದೆ ಅಂತ ಚೀಟಿ ಅಂಟಿಸಿರ್ತಾರಲ್ಲಕ್ಕ. ಈಗ ನೋಡು, ಕಳ್ಳನ ಮಾತು ನಂಬ್ಕೊಂಡು ಮಗು ಬಾಯಿಗೆ ಹಾಕ್ಬೇಕು."

"ಅಂಟಿಸ್ತಾರೆ, ಚೆನ್ನಾಗೇ ಅಂಟಿಸ್ತಾರೆ. ಪಕ್ಕದಲ್ಲೇ ಸೇದೋದನ್ನೂ ಜೋಡಿಸಿ ಇಡ್ತಾರೆ. ನನ್ನ ಮಗ ಹಾಲು ತರಕ್ಕೆ ಹೋಗೋ ದಾರೀಲಿ."

"ಈಗೇನು ಸಿಗಲ್ವಾ? ಬೇಡ ಅನ್ನೋ ಕಾನೂನು ಇದ್ದಾಗ್ಲೇ ತಾನೆ ಅವನು ಕೆಟ್ಟಿದ್ದು?"

"ಹೌದಮ್ಮ. ಕದ್ದು ಸಿಕ್ಕಾಗ್ಲೇ ಇಷ್ಟು. ಕರೆದು ಕೊಟ್ರೆ ಎಷ್ಟಾಗುತ್ತೋ!"

ಕಡ್ಡಿ ಕಾಲರಿನಿಂದ ತಲೆಯೆತ್ತದೆ, "ನನ್ನನ್ನೂ ಒಂದು ಸಹಿ ಕೇಳ್ರಪ್ಪ. ನಿಮ್ಮಿಬ್ಬರಿಗಿಂತ ನಂಗೆ ಅನುಭವ ಜಾಸ್ತಿ," ಎಂದ.

"ಮೊದ್ಲು ಆ ತೋಳು ಸುಡ್ತಾ ಇದೆ ನೋಡ್ಕೊಳೋ, ಅನುಭವಸ್ಥ!" ಎಂದಳು ಅಕ್ಕ. ಮೂವರೂ ನಕ್ಕರು. ಅಂಗಿಯ ತೋಳು ನಿಜವಾಗಿಯೂ ಕಂದಿತ್ತು.

ಎಣ್ಣೆ ತಂದುಕೊಡುತ್ತಿದ್ದವನು ಪೊಲೀಸರಿಗೆ ಸಿಕ್ಕಿಬಿದ್ದ. ಸೀಸೆ ಖಾಲಿಯಾಯಿತು, ಗುಬ್ಬಿ ಮತ್ತೆ ಬೀಳತೊಡಗಿದಳು. ಒಂದು ಸಲ ಒಗೆಯುವ ಯಂತ್ರದ ಅಂಚಿಗೆ ಬಡಿದು ಹುಬ್ಬು ಸೀಳಿತು. ಚಿಕ್ಕವಳು ಹುಚ್ಚಿಯ ಹಾಗೆ ಅಲೆದು, ಮುಖವನ್ನೇ ಸರಿಯಾಗಿ ತೋರಿಸದ ಒಬ್ಬನಿಂದ ಹೊಸ ಸೀಸೆ ತಂದಳು. ಎಣ್ಣೆ ಕಪ್ಪಗಿತ್ತು, ಮೊದಲಿನದರಷ್ಟು ತಿಳಿಯಾಗಿರಲಿಲ್ಲ. ತಾನೇ ನೆಕ್ಕಿ ನೋಡಿದಳು. ಕಹಿ. ಅದಕ್ಕಿಂತ ಹೆಚ್ಚು ಅವಳ ನಾಲಿಗೆಗೆ ತಿಳಿಯಲಿಲ್ಲ.

ಅಕ್ಕ ಹೋಟೆಲಿಗೆ ಹಾಸಿಗೆಬಟ್ಟೆಗಳ ಗಂಟು ಕೊಡಲು ಹೋಗಿದ್ದ ಹೊತ್ತು. ಚಿಕ್ಕವಳು ಕಡ್ಡಿಯನ್ನು ಮೆಟ್ಟಿಲ ಕೆಳಗೆ ಕರೆದಳು.

"ಒಂಚೂರು ನೋಡಿ ಹೇಳೋ. ಇದು ಅದೇನಾ?"

ಅವನು ಸೀಸೆಯನ್ನು ನೋಡಿದ, ಚಿಕ್ಕಮ್ಮನನ್ನು ನೋಡಿದ. "ಅಮ್ಮಂಗೆ ಗೊತ್ತಾ?"

"ಒಂದು ಹನಿ ಅಷ್ಟೇ ಕಣೋ. ನಿನ್ನ ತಂಗಿಗೋಸ್ಕರ."

ಹನಿ ಸಾಲಲಿಲ್ಲ. ಒಂದು ಹನಿಯಲ್ಲಿ ಗೊತ್ತಾಗಲ್ಲ ಎಂದು ಅವನೇ ಚಮಚಕ್ಕೆ ಸುರಿದುಕೊಂಡ. ಚಮಚ ತುಂಬುವುದನ್ನು ಚಿಕ್ಕವಳು ನೋಡಿದಳು, ಆದರೂ ತಡೆಯಲಿಲ್ಲ. ಆಮೇಲೆ ಅವನು ಮಡಿಸಿಟ್ಟ ಬಟ್ಟೆಗಳ ನಡುವೆ ಕೂತ. ಬಹಳ ಹೊತ್ತಾದ ಮೇಲೆ ಕೆಂಪಾದ ಕಣ್ಣೆತ್ತಿ ಮೆಲ್ಲಗೆ ಹೇಳಿದ: "ಇದು ಗುಬ್ಬೀದಲ್ಲ ಚಿಕ್ಕಮ್ಮ. ಇದು ನಂದು. ಅವಳಿಗೆ ಕೊಡಬೇಡ."

ಅಲ್ಲಿಂದಾಚೆ ಅವನು ನೆಟ್ಟಗಾಗಲಿಲ್ಲ. ಸಂದಿಯಲ್ಲಿ ಯಾರದೋ ಹತ್ತಿರ ಸೇದಿ ಬಂದ. ಮಾತ್ರೆಗಳನ್ನು ಕಿಟಕಿಯಿಂದ ಎಸೆದ. ಒಂದು ಬೆಳಗ್ಗೆ ಗಿರಾಕಿಯ ಕೋಟಿನೊಳಗೆ ಯಾರೋ ಅವಿತಿದ್ದಾರೆಂದು ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಅದರ ಎದೆಗೆ ಒತ್ತಿ ಹಿಡಿದು ನಿಂತ. ಹೊಗೆ ಎದ್ದರೂ ಬಿಡಲಿಲ್ಲ. ಬಿಡಿಸಲು ಹೋದ ಅಕ್ಕನ ಅಂಗೈ ಸುಟ್ಟಿತು.

ಅವನನ್ನು ಆಸ್ಪತ್ರೆಗೆ ಸೇರಿಸಿ ಬಂದ ಮೇಲೆ ಚಿಕ್ಕವಳು ತಾನಾಗಿ ಬಾಯಿಬಿಟ್ಟಳು. ಅಕ್ಕ ಕೂಗಾಡಲಿಲ್ಲ.

"ನಿನ್ನ ನಾಲಿಗೆ ಸತ್ತಿತ್ತಾ?"

"ನಾನೂ ನೋಡ್ದೆ ಅಕ್ಕ. ನಂಗೇನು ಗೊತ್ತಾಗುತ್ತೆ? ಅವನಿಗಾದ್ರೆ ಗೊತ್ತು, ಹೇಗೂ ಒಂದ್ಸಲ..."

"ಮುಗಿಸು."

"ಹೇಗೂ ಒಂದ್ಸಲ ಕೆಟ್ಟವನೇ ಅಲ್ವಾ ಅಂದ್ಕೊಂಡೆ."

ಅಕ್ಕ ಪಟ್ಟಿ ಕಟ್ಟಿದ ಕೈಯಿಂದಲೇ ಮುಂದಿನ ಅಂಗಿಯನ್ನು ಹಾಸಿದಳು. ಅಂದಿನಿಂದ ಅವಳ ಮಾತು ಗಿರಾಕಿಗಳ ಜೊತೆಗೆ ಮಾತ್ರ.

ಭಾನುವಾರ ಅವಳು ಮಗನನ್ನು ನೋಡಲು ಹೋದಳು. ಬೀಗದ ಬಾಗಿಲು ದಾಟಿದರೆ, ಉದ್ದನೆಯ ಕೋಣೆಯ ಬೆಂಚಿನ ಮೇಲೆ ಕಡ್ಡಿ ಕೂತಿದ್ದ. ಮಾತ್ರೆಗಳ ಭಾರಕ್ಕೆ ಕೆಳತುಟಿ ಜೋತಿತ್ತು. ತಾಯಿಯ ಗುರುತು ಹಿಡಿಯಲು ಅವನಿಗೆ ಹೊತ್ತು ಬೇಕಾಯಿತು. ಹಿಡಿದ ಮೇಲೆ ಕೇಳಿದ್ದು ಒಂದೇ.

"ಆ ಸೀಸೆ ಚೆಲ್ಲಿದ್ರಾ?"

ಅಕ್ಕ ಮನೆಗೆ ಓಡಿಬಂದಳು. ಮೇಲಿನ ಕೋಣೆಯಲ್ಲಿ ಗುಬ್ಬಿ ಮಲಗಿದ್ದಳು. ಅಲುಗಿಸಿದರೆ ತಲೆ ಒದ್ದೆ ಬಟ್ಟೆಯಂತೆ ಪಕ್ಕಕ್ಕೆ ವಾಲಿತು. ಚಿಕ್ಕವಳು ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು.

"ಬೆಳಗ್ಗೆಯಿಂದ ಮೇಲಿಂದ ಮೇಲೆ ಬೀಳ್ತಾನೇ ಇದ್ಲು ಅಕ್ಕ. ಸತ್ತೇಹೋಗ್ತಾಳೆ ಅನ್ನಿಸ್ತು. ಒಂದು ಹನಿಯೋ, ಎರಡು ಹನಿಯೋ ಹಾಕ್ದೆ... ಬೀಳೋದು ನಿಂತಿತು. ಈಗ ಏಳ್ತಾನೇ ಇಲ್ಲ."

"ಎತ್ಕೋ. ನಡಿ ಆಸ್ಪತ್ರೆಗೆ."

"ಏನು ಕೊಟ್ರಿ ಅಂತ ಕೇಳ್ತಾರೆ. ಹೇಳಿದ್ರೆ ಪೊಲೀಸರು ಬರ್ತಾರೆ. ಮಗುನ ಕಿತ್ಕೊಂಡು ಹೋಗ್ತಾರೆ ಅಕ್ಕ!"

ಅಕ್ಕ ಗೋಡೆಯ ಗೂಡಿನಿಂದ ಸೀಸೆ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. "ನಾನು ತಂದೆ, ನಾನೇ ಕೊಟ್ಟೆ ಅಂತೀನಿ. ನೀನು ಮನೇಲಿರ್ಲಿಲ್ಲ. ಗೊತ್ತಾಯ್ತಾ?"

"ಅಕ್ಕ, ನೀನ್ಯಾಕೆ..."

"ಇದಕ್ಕೆ ತಾಯಿ ಬೇಕು. ನನ್ನವನನ್ನ ಅಲ್ಲಿ ಬೀಗ ಹಾಕ್ಕೊಂಡು ನೋಡ್ಕೊತಾ ಇದ್ದಾರೆ. ನಿನ್ನನ್ನ ಕ್ಷಮಿಸಿದೆ ಅಂದ್ಕೋಬೇಡ. ಏಳು."

ಆಸ್ಪತ್ರೆಯಲ್ಲಿ ಮಗುವಿನ ಮೂಗಿಗೆ ಕೊಳವೆ ಹಾಕಿದರು. ಎಳೆಯ ವಯಸ್ಸಿನ ಡಾಕ್ಟರಮ್ಮ ಸೀಸೆ ಮೂಸಿ, ಬೆಳಕಿಗೆ ಹಿಡಿದು, ತಲೆಯಾಡಿಸಿದಳು. ಉಸಿರು ಸರಿಯಾಗಿದೆ, ಎಚ್ಚರವಾಗಬಹುದು, ಆದರೆ ಇದರಲ್ಲಿ ಎಷ್ಟು ಅಮಲಿದೆ ಎಂದು ಪರೀಕ್ಷೆಗೆ ಕಳಿಸದೆ ಹೇಳುವಂತಿಲ್ಲ ಎಂದಳು. ಆಮೇಲೆ, "ಯಾರು ಕೊಟ್ಟಿದ್ದು? ನಾನು ಪೊಲೀಸರಿಗೆ ತಿಳಿಸಲೇಬೇಕು, ಬೇರೆ ದಾರಿಯಿಲ್ಲ."

"ನಾನು," ಎಂದಳು ಅಕ್ಕ. "ಇದರ ದೊಡ್ಡಮ್ಮ."

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿ, ಹೆಚ್ಚು ಕೇಳದೆ ಹೊರಗೆ ಹೋದಳು.

ಪೊಲೀಸಿನವಳು ಬರುವವರೆಗೆ ವಾರಗಿತ್ತಿಯರು ಮಂಚದ ಎರಡು ಬದಿಗೆ ನಿಂತಿದ್ದರು. ಬಾಗಿಲಲ್ಲಿ ಬೂಟಿನ ಸದ್ದಾದಾಗ ಚಿಕ್ಕವಳು ಏನೋ ಹೇಳಲು ಬಾಯಿ ತೆರೆದಳು.

"ಸುಮ್ನಿರು," ಎಂದಳು ಅಕ್ಕ. "ಮುಂದಿನ ಭಾನುವಾರ ಅವನನ್ನ ನೋಡಕ್ಕೆ ನೀನು ಹೋಗ್ಬೇಕು. ಅಮ್ಮ ಯಾಕೆ ಬಂದಿಲ್ಲ ಅಂತ ಕೇಳ್ತಾನೆ."

"ನಾನೇನಂತ ಹೇಳ್ಲಿ ಅಕ್ಕ?"

"ಸೀಸೆ ಚೆಲ್ಲಲಿಲ್ಲ ಅಂತ ಹೇಳು."

ಅಕ್ಕ ಚೀಲವನ್ನು ಹೆಗಲಿಗೇರಿಸಿ ಪೊಲೀಸಿನವಳ ಜೊತೆ ನಡೆದಳು. ಚಿಕ್ಕವಳು ಮಗಳ ಎರಡು ಪಾದಗಳನ್ನೂ ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು.