ಗುಡ್ಡಕ್ಕೆ ಹೋದ ವಸೀಮನ ಅಂಗಿ

ಕಪ್ಪತಗುಡ್ಡಕ್ಕೆ ಹೋಗಿ ಒಬ್ಬಳೇ ಉಪವಾಸದ ಚಿಲ್ಲಾ ಕೂಡುತ್ತೇನೆ ಎಂದು ಅತ್ತೆ ರಹಿಮತಬಿ ಹೇಳಿದಾಗ ತಬಸ್ಸುಮಳಿಗೆ ನಗು ಬಂತು. ಬೆಟಗೇರಿಯ ಮನೆಯಲ್ಲಿ ಚಹಾ ತುಸು ತಡವಾದರೂ ತಲೆ ಹಿಡಿದುಕೊಂಡು ಮಲಗುವ ಹೆಂಗಸು. ಈಗ ಅನ್ನ ಬಿಟ್ಟು, ಮಾತು ಬಿಟ್ಟು, ಬರೀ ನೀರಿನ ಮೇಲೆ ಗವಿಯಲ್ಲಿ ಇರುತ್ತಾಳಂತೆ!

"ಏನ್ ಬೇಡ್ಕೊಳ್ಳಾಕ್ರಿ ಅತ್ತಿ?"

"ಅದು ನಂದು, ಅಲ್ಲಾಂದು."

ಅತ್ತೆ ಹೋದ ಮೇಲೆ ನೋಡಿದರೆ ಒಗೆಯಲು ಹಾಕಿದ್ದ ಗಂಡ ವಸೀಮನ ಅಂಗಿ ಇಲ್ಲ. ತಬಸ್ಸುಮಳ ನಗು ಆರಿತು. ಮಗನ ಬೆವರಿನ ಅಂಗಿ ಗುಡ್ಡದಲ್ಲಿ ಯಾತಕ್ಕೆ ಬೇಕು? ಮಾಟಕ್ಕಲ್ಲದೆ? ಮದುವೆಯಾದ ಮೇಲೆ ವಸೀಮ ಕೈತಪ್ಪಿದ ಎಂಬ ಸಿಟ್ಟು ಮುದುಕಿಗೆ ಇದ್ದೇ ಇತ್ತು. ವಸೀಮನಿಗೆ ಹೇಳಿದರೆ ನಂಬುವವನಲ್ಲ. ಮೂರನೆಯ ದಿನ ತವರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ, ಗುಡ್ಡದ ಬುಡದ ಡೋಣಿ ಊರಿನ ಬಸ್ಸು ಹತ್ತಿದಳು.

ಕೇಳುತ್ತ ಕೇಳುತ್ತ ಗುಡ್ಡ ಏರಿದಾಗ ರಹಿಮತಬಿ ಗವಿಯೊಳಗೆ ಕಲ್ಲಿಗೆ ಒರಗಿದ್ದಳು. ತುಟಿ ಒಡೆದಿತ್ತು, ಮಡಿಲಲ್ಲಿ ಅಂಗಿ. ತಬಸ್ಸುಮ ಮಾತಾಡಿಸಲೂ ಇಲ್ಲ. ಗಂಟು ಬಿಚ್ಚಿ ನಿಂಬೆಹಣ್ಣು, ಸೂಜಿ ಹುಡುಕಿದಳು. ಜಪಮಾಲೆ, ಖಾಲಿ ಬಾಟ್ಲಿ ಅಷ್ಟೇ. ಅಂಗಿಯನ್ನೂ ಜಾಡಿಸಿದಳು.

"ಏನ್ ಹುಡಕ್ತಿ ಬೇ?"

"ಮಾಟಾ ಮಾಡ್ಸಾಕ ಬಂದೀರೇನ್ರಿ?"

ಮುದುಕಿಗೆ ಸಿಟ್ಟು ಬರಲಿಲ್ಲ. "ವಸೀಮನ ಅಪ್ಪನ ಮಖಾ ಮರ್ತಬಿಟ್ಟೀನಿ. ಅಂವಾ ಕೂಸಿದ್ದಾಗ ತೀರ್ಕೊಂಡವ್ರು, ಒಂದು ಫೋಟೋನೂ ಇಲ್ಲ. ಉಪಾಸ ಕುಂತ್ರ ಕಾಣ್ತಾರ ಅಂತ ಹಿರ್ಯಾರು ಅಂತಿದ್ರು. ಮಗನ ಬೆವರಿನ ವಾಸ್ನಿ ಅವರದರಂಗನ ಐತಿ, ಅದಕ್ಕ ಅಂಗಿ ತಂದೆ."

ತಬಸ್ಸುಮ ಇನ್ನೂ ಅವಳ ಮುಖವನ್ನೇ ನೋಡುತ್ತಿದ್ದಳು. "ಕಂಡ್ರೇನ್ರಿ?"

"ಮುಂಜಾನಿ ಬಂದಿದ್ರು. ಎಷ್ಟ ಸಣ್ಣವರದಾರ! ನಮ್ಮ ವಸೀಮಗಿಂತ ಸಣ್ಣವ್ರು. ನನ್ನ ಗುರ್ತಾ ಹಿಡೀಲಿಲ್ಲ. 'ಯವ್ವಾ, ನೀರ ಕೊಡ' ಅಂದ್ರು. ಇದ್ದಷ್ಟೂ ಕೊಟ್ಟೆ." ರಹಿಮತಬಿ ಅಂಗಿ ಮಡಚತೊಡಗಿದಳು. "ಸಾಕು. ಕಂಡ್ರು. ನಡಿ ಮನೀಗೆ."

ತಬಸ್ಸುಮ ಹೊರಗೆ ಬಂದಳು. ಗವಿಯ ಬಾಯಲ್ಲಿ ಕುರಿಹಿಕ್ಕೆ ಬಿದ್ದಿತ್ತು, ಇನ್ನೂ ಹಸಿ. ಕೆಳಗೆ ಎಲ್ಲೋ ಕುರಿಗಳನ್ನು ಕೂಗುವ ಎಳೆಯ ಗಂಡುದನಿ. ನೀರು ಕೇಳಿದವನು ಯಾರೆಂಬ ಮಾತು ನಾಲಿಗೆಯ ತನಕ ಬಂತು.

ಒಳಗೆ ಅತ್ತೆ ಗೋಡೆ ಹಿಡಿದು ಏಳುತ್ತಿದ್ದಳು. ತಬಸ್ಸುಮ ಚಪ್ಪಲಿಯಿಂದ ಹಿಕ್ಕೆಯನ್ನೆಲ್ಲ ಪೊದೆಯೊಳಗೆ ಸರಿಸಿದಳು. ಆಮೇಲೆ ಒಳಗೆ ಹೋಗಿ ಕೈ ಕೊಟ್ಟಳು.