ಸೂಲಿಬೆಲೆಯಲ್ಲಿ ನೀರಿಳಿಯುವ ಹೊತ್ತು

ಸೂಲಿಬೆಲೆಯ ಮುನಿವೆಂಕಟಮ್ಮ ಮೂರು ವರ್ಷ ಕಡಲ ಪಕ್ಕದ ಊರಿನಲ್ಲಿದ್ದು ವಾಪಸು ಬಂದಾಗ ಅವಳ ಮೈಯೊಳಗಿನ ಗಡಿಯಾರ ಕೆಟ್ಟುಹೋಗಿತ್ತು. ಅದನ್ನು ಮೊದಲು ಕಂಡುಹಿಡಿದದ್ದು ಅವಳಲ್ಲ, ಅವಳ ಹಸು.

ಹೊನ್ನಾವರದಿಂದ ಆಚೆಗೆ ಒಂದು ಚಿಕ್ಕ ಊರು. ಮಗಳು ಸಿಂಚನ ಅಲ್ಲಿ ನರ್ಸು. ಬಾಣಂತನಕ್ಕೆಂದು ಹೋದ ಮುನಿವೆಂಕಟಮ್ಮ ಮೊಮ್ಮಗು ಅಂಗನವಾಡಿಗೆ ಹೋಗುವ ತನಕ ಅಲ್ಲೇ ಉಳಿದಳು. ಮೊದಮೊದಲು ಬೈದದ್ದೇ ಬೈದದ್ದು. ಒಗೆದ ಸೀರೆ ಒಣಗದು, ಬೆಂಕಿಕಡ್ಡಿ ಹತ್ತದು, ಊರಿಂದ ತಂದ ರಾಗಿ ಹಿಟ್ಟು ಒಲೆಗೆ ಹೋಗುವ ಮುಂಚೆಯೇ ಗಂಟುಗಂಟು. ಎತ್ತ ನಡೆದರೂ ರಸ್ತೆ ಹೋಗಿ ಹೋಗಿ ನೀರಿನ ಮುಂದೆ ಸುಮ್ಮನೆ ನಿಂತುಬಿಡುವುದು. ಇದೊಂದು ಊರೇ ಎಂದುಕೊಳ್ಳುವಳು.

ಆಮೇಲೆ ಒಂದು ದಿನ ಪಕ್ಕದ ಮನೆಯ ನಾಗವೇಣಿ ಅವಳನ್ನು ಹೊಳೆ ಸಮುದ್ರ ಸೇರುವ ಜಾಗಕ್ಕೆ ಕರೆದೊಯ್ದಳು. ಕಡಲ ನೀರು ಇಳಿದು ಕೆಸರು ಬಯಲಾದಾಗ ಅಲ್ಲಿನ ಹೆಂಗಸರು ಚಿಪ್ಪಿ ಹೆಕ್ಕುತ್ತಾರೆ. ಆ ಇಳಿತ ಗಂಟೆಗೆ ಕಟ್ಟುಬಿದ್ದದ್ದಲ್ಲ. ಇವತ್ತು ಬೆಳಕು ಹರಿಯುವಾಗ ಇಳಿದರೆ ನಾಳೆ ಸ್ವಲ್ಪ ತಡ, ನಾಡಿದ್ದು ಇನ್ನೂ ತಡ. ಊರಿನ ಅಡುಗೆ, ನಿದ್ದೆ, ಜಗಳ ಎಲ್ಲವೂ ನೀರಿನ ಹಿಂದೆಯೇ ಜಾರುತ್ತ ಹೋಗುತ್ತಿದ್ದವು. ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ಕೂಡ ಗಂಟೆ ಎಷ್ಟು ಎನ್ನುತ್ತಿರಲಿಲ್ಲ, ನೀರು ಎಲ್ಲಿದೆ ಎನ್ನುತ್ತಿದ್ದರು. ವರ್ಷ ತುಂಬುವಷ್ಟರಲ್ಲಿ ಮುನಿವೆಂಕಟಮ್ಮನಿಗೆ ಕಿಟಕಿ ತೆರೆಯದೆಯೇ ತಿಳಿಯತೊಡಗಿತು. ನೀರು ತುಂಬಿದರೆ ಮೈ ಭಾರ. ಇಳಿದರೆ ಕಾಲು ತಾನಾಗಿ ಹೊರಡುವುದು.

ಆ ನೀರು ಅವಳ ಜೊತೆಯಲ್ಲೇ ಬಸ್ಸು ಹತ್ತಿ ಸೂಲಿಬೆಲೆಗೆ ಬಂದುಬಿಟ್ಟಿತ್ತು.

ಇಲ್ಲಿ ಮಗ ಕೆಂಪರಾಜ್ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ಅತ್ತೆ ಬಂದರಲ್ಲ ಎಂದು ಸೊಸೆ ನವ್ಯಶ್ರೀ ಹೊಸಕೋಟೆಯ ಗಾರ್ಮೆಂಟ್ಸಿಗೆ ಸೇರಿಕೊಂಡಳು. ಹಸು ಚುಕ್ಕಿಯ ಹಾಲು ಕರೆಯುವ ಕೆಲಸ ಮುನಿವೆಂಕಟಮ್ಮನಿಗೆ ಬಂತು. ಕರುವಾಗಿದ್ದಾಗ ಬೆರಳು ಚೀಪಿಸಿ ಅದನ್ನು ಉಳಿಸಿದ್ದೂ ಅವಳೇ. ಮೊದಲ ದಿನ ಸರಿಹೋಯಿತು. ಮರುದಿನ ತಡ. ಅದರ ಮರುದಿನ ಇನ್ನೂ ತಡ. ಸಂಜೆಯದೂ ಅದೇ ಕಥೆ.

"ಏನಮ್ಮೋ, ಲಾರಿ ಹೋಗಿ ಎಷ್ಟೊತ್ತಾಯ್ತು. ಈ ಹಾಲ್ನ ನನ್ ತಲೆ ಮೇಲೆ ಸುರ್ಕೊಳ್ಳಾ?" ಎಂದ ಡೈರಿಯ ಕಾಂತರಾಜು.

"ಸುರ್ಕೊ. ನಾಲ್ಕು ಕೂದ್ಲಾದ್ರೂ ಬಂದಾವು," ಎಂದಳು. ಅವನ ತಲೆ ಬೋಳು. ಆದರೆ ಹಾಲಿನ ಕ್ಯಾನು ಹಿಡಿದು ವಾಪಸು ನಡೆಯುವಾಗ ಅವಳಿಗೆ ನಗು ಬರಲಿಲ್ಲ.

ಕೆಂಪರಾಜ್ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಟ್ಟ. ಅದು ಹೊಡೆದುಕೊಂಡಾಗ ಅವಳು ಎದ್ದು ಕೂತಳು. ಅಂಗಳದ ತುಂಬ ನೀರು ನಿಂತಿತ್ತು. ಬೂದು ಬಣ್ಣದ, ಅಲೆಯಿಲ್ಲದ ನೀರು. ಕೊಟ್ಟಿಗೆ ಅದರಾಚೆಗೆ ದೋಣಿಯಂತೆ ಮೆಲ್ಲಗೆ ತೂಗುತ್ತಿತ್ತು. ಇನ್ನೂ ಇಳಿದಿಲ್ಲ ಎಂದುಕೊಂಡು ಮತ್ತೆ ಮಲಗಿದಳು.

ವಾರದೊಳಗೆ ಚುಕ್ಕಿಯ ಕೆಚ್ಚಲು ಗಟ್ಟಿಯಾಯಿತು. ಮುಟ್ಟಿದರೆ ಒದೆಯುತ್ತಿತ್ತು.

"ನಂದಗುಡಿಯವ್ರು ಹಸೂನ ಕೇಳ್ತಾವ್ರೆ. ನಾಳೆ ಬಂದು ಹೊಡ್ಕೊಂಡು ಹೋಗ್ತಾರೆ," ಎಂದ ಕೆಂಪರಾಜ್. "ಹೊತ್ತಿಗೆ ಸರಿಯಾಗಿ ಕರೆಯೋರ ಮನೇಲಿ ಇರ್ಲಿ."

"ನಾನ್ ಸಾಕಿದ್ ಹಸ ಕಣ್ಲಾ."

"ಸಾಕಿದ್ದೂ ನೀನೇ. ಈಗ ಸಾಯಿಸ್ತಿರೋದೂ ನೀನೇ ಕಣಮ್ಮ."

ಬೇರೆ ದಿನವಾಗಿದ್ದರೆ ತಲೆಗೆ ಒಂದು ಮೊಟಕುತ್ತಿದ್ದಳು. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಮಧ್ಯಾಹ್ನ ನಾಗವೇಣಿಗೆ ಫೋನು ಮಾಡಿದಳು. "ನಿಮ್ ನೀರು ನನ್ನ ಬಿಡ್ತಿಲ್ಲ ಕಣೇ ನಾಗವೇಣಿ. ಹಸ ಕೈ ಬಿಟ್ಟು ಹೋಗ್ತದೆ."

"ಇಳೀಲಿ ಅಂತ ಕಾಯೂದು ಯಂತಕ್ಕೆ ಮುನಿಯಕ್ಕ? ತುಂಬಿದ್ದಾಗ್ಲೇ ಕಾಲು ಹಾಕಿ. ಇಲ್ಲಿ ಕಡಲಲ್ಲಾದ್ರೆ ನೀವು ಮುಳುಗೂದು. ಅಲ್ಲಿ ನಿಮ್ಮ ಅಂಗಳದಲ್ಲಿ ಮುಳುಗೂದು ನೀರೇ."

"ಆಮೇಲೆ?"

"ಆಮೇಲೆ ಅದು ನಿಮ್ಮ ಹತ್ರ ಬರೂದಿಲ್ಲ, ಅಷ್ಟೇ."

ಮುನಿವೆಂಕಟಮ್ಮ ಜಗುಲಿಯ ಮೇಲೆ ಕೂತೇ ಇದ್ದಳು. ಹೊಲ, ನೀಲಗಿರಿ ತೋಪು, ಅದರಾಚೆಯ ಲೇಔಟಿನ ಕಲ್ಲುಗಳು ಎಲ್ಲದರ ಮೇಲೂ ಬೆಳ್ಳಗಿನ ನೊರೆ ಹರಿದು ಬಂದು ಹಿಂದಕ್ಕೆ ಹೋಗುತ್ತಿತ್ತು. ಇಷ್ಟು ವಯಸ್ಸಾದ ಮೇಲೆ ತನ್ನದೇ ಅಂತ ಸಿಕ್ಕಿದ್ದು ಅದೊಂದೇ. ಯಾರ ಕಣ್ಣಿಗೂ ಬೀಳದ್ದು, ಯಾರೂ ಪಾಲು ಕೇಳದ್ದು.

ಮರುದಿನ ಬೆಳಕು ಮೂಡುವ ಹೊತ್ತಿಗೆ ಎದ್ದಳು. ನೀರು ಹೊಸ್ತಿಲವರೆಗೆ ತುಂಬಿ ನಿಂತಿತ್ತು. ಸೀರೆ ಎತ್ತಿ ಕಟ್ಟಿ, ಬಕೆಟ್ಟು ಹಿಡಿದು ಒಳಗೆ ಕಾಲಿಟ್ಟಳು. ಮೊಣಕಾಲಿಗೆ ತಣ್ಣಗೆ, ಸೊಂಟಕ್ಕೆ ಬೆಚ್ಚಗೆ. ಅಂಗಳದ ನಡುವೆ ಕುತ್ತಿಗೆವರೆಗೆ ಬಂತು. ಪುಟ್ಟ ಮೀನುಗಳು ಕಾಲ ಬೆರಳುಗಳನ್ನು ಮುಟ್ಟಿ ಸರಿದವು. ಅವಳು ಉಸಿರು ಕಟ್ಟಿ ನಡೆದೇ ನಡೆದಳು. ಕೊಟ್ಟಿಗೆಯಲ್ಲಿ ಕೂತು ಕೆಚ್ಚಲಿಗೆ ಬಿಸಿನೀರಿನ ಬಟ್ಟೆ ಒತ್ತಿ, ಬೆರಳುಗಳಿಂದ ನಿಧಾನಕ್ಕೆ ನೀವಿದಳು. ಚುಕ್ಕಿ ಒಮ್ಮೆ ಒದೆಯಿತು. ಆಮೇಲೆ ನಡುಗಿ ಸೊರೆ ಬಿಟ್ಟಿತು. ಬಕೆಟ್ಟಿನೊಳಗೆ ಹಾಲು ಬೀಳುವ ಸದ್ದು ಏರುತ್ತ ಹೋದಂತೆ ಸುತ್ತಲ ನೀರಿನ ಸದ್ದು ಕೆಳಗಿಳಿಯಿತು.

ಕೆಂಪರಾಜ್ ಹಲ್ಲುಜ್ಜುತ್ತ ಬಂದು ಬಕೆಟ್ಟಿನೊಳಗೆ ಬಗ್ಗಿ ನೋಡಿದ. "ನಂದಗುಡಿಯವ್ರಿಗೆ ಬರ್ಬೇಡಿ ಅಂತ ಫೋನ್ ಮಾಡ್ತೀನಿ," ಎಂದು ಒಳಗೆ ಹೋದ.

ಅಂಗಳ ಒಣಗಿತ್ತು. ಚುಕ್ಕಿ ಕುತ್ತಿಗೆ ಚಾಚಿ ಮುನಿವೆಂಕಟಮ್ಮನ ಮೊಣಕೈಯಿಂದ ಮಣಿಕಟ್ಟಿನವರೆಗೆ ಒರಟು ನಾಲಿಗೆಯಿಂದ ನೆಕ್ಕತೊಡಗಿತು. ಉಪ್ಪು ಸಿಕ್ಕಂತೆ ನೆಕ್ಕುತ್ತಲೇ ಇತ್ತು. ಡೈರಿಯ ಕಡೆಯಿಂದ ಲಾರಿಯ ಹಾರನ್ನು ಕೇಳಿಸಿತು. ಅವಳು ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.